ಕ್ಷಣಸುಖವೂ ಕಾಯುವ ಬಲವೂ

ಪ್ರವಚನ ಮುಗಿದು ಮಂತ್ರಾಕ್ಷತೆಗೆ ನಿಂತ ಹೊತ್ತಿನಲ್ಲಿ ಹಿರಿಯರ ಬಾಯಿಂದ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಈಗಿನವರಿಗೆ ತಾಳ್ಮೆಯಿಲ್ಲ, ಬೇಕೆಂದದ್ದು ಬೇಕೆಂದ ಕ್ಷಣದಲ್ಲಿಯೇ ಕೈಗೆ ಬರಬೇಕು, ಸಮಾಜವೆಲ್ಲ ಕ್ಷಣಸುಖಕ್ಕೆ ದಾಸವಾಗಿದೆ ಎಂಬುದೇ ಆ ಮಾತು. ನಾವೂ ಇದನ್ನು ಅನೇಕ ಸಲ ಆಡಿದ್ದೇವೆ. ಆದರೆ ಮಾತು ಎಷ್ಟು ಸುಲಭವೋ ವಿಚಾರವು ಅಷ್ಟು ಸುಲಭವಲ್ಲವೆಂದು ಈಚೆಗೆ ನಮಗೆ ತೋರುತ್ತಿದೆ. ದೋಷವು ಎಲ್ಲಿದೆ, ಅದರಲ್ಲಿ ನಮ್ಮ ಪಾಲು ಎಷ್ಟು ಎಂಬುದನ್ನು ಸಜ್ಜನರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ವೇಗವನ್ನೇ ದೋಷವೆಂದು ಹೇಳಲಾಗದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿದಾಗ ನಮ್ಮ ಸೇಡಂ, ಚಿತ್ತಾಪುರ ಸೀಮೆಯ ಜನರಿಗೆ ದಿನಗಳ ಪ್ರಯಾಣ ಗಂಟೆಗಳದಾಯಿತು. ಅದನ್ನು ಅಧರ್ಮವೆಂದು ಯಾರೂ ಹೇಳಲಿಲ್ಲ. ಒಂದು ಟ್ರಂಕ್ ಕಾಲ್ ಮಾಡಲು ಅಂಚೆಕಚೇರಿಯ ಕಟ್ಟೆಯ ಮೇಲೆ ಅರ್ಧ ದಿನ ಕುಳಿತದ್ದು ನಮಗೆ ನೆನಪಿದೆ. ಸಾವಿನ ತಂತಿ ಬಂದು ಮುಟ್ಟುವಷ್ಟರಲ್ಲಿ ಅಂತ್ಯಸಂಸ್ಕಾರ ಮುಗಿದುಹೋದ ಮನೆಗಳೂ ಉಂಟು. ಆ ತಂತಿಸೇವೆ 2013ರ ಜುಲೈಯಲ್ಲಿ ನಿಂತಿತು. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಿಂದ ಹಣವು ಕ್ಷಣಾರ್ಧದಲ್ಲಿ ಊರಿಂದೂರಿಗೆ ಹೋಗುತ್ತಿದೆ. ಮುಧೋಳದಲ್ಲಿ ಕುಳಿತ ತಂದೆಯು ಹೈದರಾಬಾದಿನ ಆಸ್ಪತ್ರೆಯಲ್ಲಿರುವ ಮಗನಿಗೆ ಆ ಕ್ಷಣದಲ್ಲಿಯೇ ಹಣ ಮುಟ್ಟಿಸಬಲ್ಲನೆಂದರೆ ಅದು ಉಪಕಾರವಲ್ಲದೆ ಅಪಕಾರವಲ್ಲ. ಹಿಂದಿನವರು ಕಾದರು, ನಿಜ. ಆದರೆ ಬೇರೆ ದಾರಿಯಿಲ್ಲದೆ ಕಾದರು. ಉಪಾಯವಿಲ್ಲದ ಕಾಯುವಿಕೆಯನ್ನು ತಾಳ್ಮೆಯೆಂದು ಕರೆಯುವುದು ಸರಿಯಲ್ಲ.

ಹಾಗಾದರೆ ದೋಷವಾವುದು? ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಸುಖವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಮೊದಲು ವಿಷದಂತೆ ತೋರಿ ಕೊನೆಗೆ ಅಮೃತವಾಗುವುದು ಸಾತ್ತ್ವಿಕ. ಮೊದಲು ಅಮೃತದಂತೆ ತೋರಿ ಕೊನೆಗೆ ವಿಷವಾಗುವುದು ರಾಜಸ. ಮೊದಲೂ ಕೊನೆಯೂ ಮೋಹದಲ್ಲಿ ಕೆಡಹುವುದು ತಾಮಸ. ಬೆರಳಿನ ಒಂದು ಒತ್ತಿಗೆ ಸಿಗುವ ಸಾಲ, ಒಂದಾದ ಮೇಲೊಂದು ಓಡುವ ಅರೆನಿಮಿಷದ ಚಿತ್ರಗಳು, ಹಣವನ್ನು ಪಣಕ್ಕಿಡುವ ಮೊಬೈಲ್ ಆಟಗಳು ಎರಡನೆಯ, ಮೂರನೆಯ ಬಗೆಗೆ ಸೇರಿದವು. ಹಣದ ಆಟಗಳನ್ನು ನಿಷೇಧಿಸಲು 2025ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಇಷ್ಟನ್ನು ಎಲ್ಲರೂ ಬಲ್ಲರು. ಬಲ್ಲವರೂ ಬಿಡಲಾರರು ಎಂಬುದೇ ವಿಚಾರಾರ್ಹವಾದ ಸಂಗತಿ. ಮುಂದಿನ ಅಮೃತಕ್ಕಾಗಿ ಇಂದಿನ ಕಹಿಯನ್ನು ಸಹಿಸಲು ಒಬ್ಬನಿಗೆ ಬಲವಿದ್ದು ಇನ್ನೊಬ್ಬನಿಗೆ ಏಕಿರುವುದಿಲ್ಲ?

ಅಮೆರಿಕದಲ್ಲಿ ಈ ಬಗ್ಗೆ ನಡೆದ ಪರೀಕ್ಷೆಗಳು ಪ್ರಸಿದ್ಧವಾಗಿವೆ. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಚಿಕ್ಕ ಮಕ್ಕಳ ಮುಂದೆ ಒಂದು ಮಿಠಾಯಿಯನ್ನಿಟ್ಟು, ತಾವು ಮರಳಿ ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುವುದಾಗಿ ಹೇಳಿ ನೋಡಿದರು. ಕಾದ ಮಕ್ಕಳು ಮುಂದೆ ಜೀವನದಲ್ಲಿ ಹೆಚ್ಚು ಏಳಿಗೆ ಪಡೆದರೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. 2018ರಲ್ಲಿ ಹೆಚ್ಚು ಮಕ್ಕಳನ್ನು ಆಧರಿಸಿ ನಡೆದ ಅಧ್ಯಯನದಲ್ಲಿ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದಾಗ ಆ ಸಂಬಂಧವು ಬಹಳ ಕುಗ್ಗಿತು. ಇವೆರಡಕ್ಕಿಂತ ನಮ್ಮ ಮನಸ್ಸನ್ನು ಕಲಕಿದ್ದು 2013ರಲ್ಲಿ ಪ್ರಕಟವಾದ ರಾಚೆಸ್ಟರ್ ವಿಶ್ವವಿದ್ಯಾಲಯದ ಒಂದು ಸಣ್ಣ ಪರೀಕ್ಷೆ. ಅಲ್ಲಿದ್ದವರು 28 ಮಕ್ಕಳು ಮಾತ್ರ. ಮಿಠಾಯಿಯನ್ನಿಡುವ ಮೊದಲು, ಒಳ್ಳೆಯ ಬಣ್ಣದ ಕಡ್ಡಿಗಳನ್ನು ತಂದುಕೊಡುವೆವೆಂದು ಎಲ್ಲ ಮಕ್ಕಳಿಗೂ ಹೇಳಿದರು. ಅರ್ಧ ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದವರಿಗೆ ಬರಿಗೈಯಲ್ಲಿ ಬಂದು ಇಲ್ಲವೆಂದರು. ಅನಂತರ ಮಿಠಾಯಿಯನ್ನಿಟ್ಟಾಗ ಮಾತು ಉಳಿದಿದ್ದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ್ದ ಮಕ್ಕಳು ಕಾದದ್ದು 3 ನಿಮಿಷ.

ಇದರ ಅರ್ಥವೇನು? ಕಾಯುವ ಬಲವು ಕಾಯುವವನೊಬ್ಬನ ಗುಣವಲ್ಲ. ಕಾಯಿಸುವವನು ನಂಬಿಕೆಗೆ ಅರ್ಹನೇ ಎಂಬುದರ ಮೇಲೆಯೂ ಅದು ನಿಂತಿದೆ. ಕೊಟ್ಟ ಮಾತು ನಡೆಯದ ಮನೆಯಲ್ಲಿ ಬೆಳೆದ ಮಗುವು ಸಿಕ್ಕಿದ್ದನ್ನು ಸಿಕ್ಕ ಕ್ಷಣದಲ್ಲಿಯೇ ಬಾಯಿಗಿಟ್ಟುಕೊಂಡರೆ ಅದನ್ನು ಅವಿವೇಕವೆನ್ನಲು ಸಾಧ್ಯವೇ? ಕಠೋಪನಿಷತ್ತಿನ ಕಥೆಯನ್ನು ಈ ದೃಷ್ಟಿಯಿಂದ ನೋಡಬೇಕು. ಯಮನ ಮನೆಯಲ್ಲಿ ನಚಿಕೇತನು ಮೂರು ರಾತ್ರಿ ಉಪವಾಸವಿದ್ದು ಕಾದನು. ಮರಳಿ ಬಂದ ಯಮನು ಬಾಲಕನ ತಾಳ್ಮೆಯನ್ನು ಹೊಗಳಿ ಸುಮ್ಮನಾಗಲಿಲ್ಲ. ಅತಿಥಿಯನ್ನು ಕಾಯಿಸಿದ ದೋಷವನ್ನು ತನ್ನ ಮೇಲೆ ತೆಗೆದುಕೊಂಡು, ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರಗಳನ್ನಿತ್ತನು. ಕಾಯಿಸಿದವನ ತಲೆಯ ಮೇಲೆ ಋಣವಿರುತ್ತದೆಯೆಂಬುದು ಮೃತ್ಯುದೇವತೆಗೂ ತಿಳಿದಿತ್ತು. ಪ್ರೇಯಸ್ಸನ್ನು ತಿರಸ್ಕರಿಸಿ ಶ್ರೇಯಸ್ಸನ್ನು ಕೇಳುವ ಧೈರ್ಯ ನಚಿಕೇತನಿಗೆ ಬಂದದ್ದು, ಮಾತಿಗೆ ತಪ್ಪದವನ ಎದುರಿನಲ್ಲಿ.

ನಮ್ಮ ಮನೆಯ ಸಂಗತಿಯನ್ನೇ ಹೇಳುವುದಾದರೆ, ಕೆಲವು ವರ್ಷಗಳ ಹಿಂದೆ ಮೊಮ್ಮಗನನ್ನು ಮಳಖೇಡದ ಆರಾಧನೆಗೆ ಕರೆದೊಯ್ಯುವೆವೆಂದು ಮಾತು ಕೊಟ್ಟಿದ್ದೆವು. ಅವನು ಪಂಚಾಂಗದಲ್ಲಿ ದಿನ ಎಣಿಸುತ್ತಿದ್ದನು. ಆ ದಿನ ನಮಗೇನೋ ಕೆಲಸ ಬಂದಿತು. ಮುಂದಿನ ವರ್ಷ ನೋಡೋಣವೆಂದೆವು. ಅತ್ತ ಮಗುವನ್ನು ಸುಮ್ಮನಿರಿಸಲು ಕೈಗೆ ಮೊಬೈಲ್ ಕೊಟ್ಟವರೂ ನಾವೇ. ಆ ಯಂತ್ರವು ಕೊಡುತ್ತೇನೆಂದದ್ದನ್ನು ಕೊಟ್ಟೇ ಕೊಡುತ್ತದೆ; ನಾವು ಕೊಡಲಿಲ್ಲ. ಅವನು ಯಾರನ್ನು ನಂಬಬೇಕಿತ್ತು? ಪ್ರವಚನ ಚಿಕ್ಕದಾಗಲಿ, ಪಂಕ್ತಿ ಬೇಗ ಕೂಡಲಿ ಎಂದು ಗಡಿಯಾರ ನೋಡುವವರು ಸಹ ಹುಡುಗರಲ್ಲ, ನಾವೇ.

ನಂಬಿ ಕಾಯುವುದು ಹೇಗೆಂಬುದನ್ನು ನಮ್ಮ ಸೀಮೆಯ ಒಕ್ಕಲಿಗನಲ್ಲಿ ನೋಡಬೇಕು. ಮುಂಗಾರು ಬಿದ್ದಾಗ ಕರಿಭೂಮಿಯಲ್ಲಿ ಬಿತ್ತಿದ ತೊಗರಿಯು ರಾಶಿಯಾಗಿ ಕಣಕ್ಕೆ ಬರುವುದು ಮಾರ್ಗಶಿರ, ಪುಷ್ಯದ ಹೊತ್ತಿಗೆ. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲಬುರಗಿಯ ತೊಗರಿಬೇಳೆಯ ಹಿಂದೆ ಆರು ತಿಂಗಳ ಕಾಯುವಿಕೆಯಿದೆ. 2022ರ ಹಂಗಾಮಿನಲ್ಲಿ ನೆಟೆರೋಗ ಬಿದ್ದು, ನಿಂತ ಬೆಳೆ ಹೊಲದಲ್ಲಿಯೇ ಒಣಗಿತು. ಆದರೂ ಮರುವರ್ಷ ಅದೇ ಹೊಲದಲ್ಲಿ ಕೂರಿಗೆ ನಡೆಯಿತು. ಫಲವು ಒಂದು ಸಲ ತಪ್ಪಬಹುದು, ಋತುವು ತಪ್ಪದೆಂಬ ನಂಬಿಕೆಯೇ ಅವನ ತಾಳ್ಮೆಗೆ ಮೂಲ.

ತೊಗರಿಯು ಮೊಳೆತು ಎಲೆಯೊಡೆಯುವ ಕಾಲಕ್ಕೇ, ಆಷಾಢ ಬಹುಳ ಪಂಚಮಿಯಂದು, ಕಾಗಿಣಾ ತೀರದ ಮಳಖೇಡದಲ್ಲಿ ಶ್ರೀ ಜಯತೀರ್ಥರ ಆರಾಧನೆ ನಡೆಯುತ್ತದೆ. ಅವರು ಪೂರ್ವಜನ್ಮದಲ್ಲಿ ಶ್ರೀಮಧ್ವಾಚಾರ್ಯರ ಗ್ರಂಥಗಳನ್ನು ಹೊತ್ತು ನಡೆದ ಎತ್ತಾಗಿದ್ದು, ಪಾಠವನ್ನು ದೂರದಲ್ಲಿ ನಿಂತು ಕೇಳುತ್ತಿದ್ದರೆಂದು ಸಂಪ್ರದಾಯವು ಹೇಳುತ್ತದೆ. ಕೇಳಿದ್ದರ ಫಲ ಆ ಜನ್ಮದಲ್ಲಿ ಕಾಣಲಿಲ್ಲ. ಮುಂದಿನ ಜನ್ಮದಲ್ಲಿ ನ್ಯಾಯಸುಧೆಯಾಗಿ ಹರಿಯಿತು. ಆಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ಎರಡಾಗಿ ವಿಂಗಡಿಸಿದರು. ಜೀವನು ಅಸ್ವತಂತ್ರನೇ. ಆದ್ದರಿಂದ ಮನುಷ್ಯನು ಪರಾಧೀನನಾದನೇ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾರ ಅಧೀನನಾಗಿದ್ದಾನೆ ಎಂಬುದೇ ಪ್ರಶ್ನೆ. ಎಂದೂ ಕೈಬಿಡದವನನ್ನು ಆಶ್ರಯಿಸಿದವನು ಜನ್ಮಾಂತರದವರೆಗೂ ಕಾಯಬಲ್ಲನು. ಕ್ಷಣಕ್ಕೊಂದು ಬಣ್ಣ ತೋರುವುದನ್ನು ಆಶ್ರಯಿಸಿದವನು ಮರುಕ್ಷಣಕ್ಕೂ ಕಾಯಲಾರನು.

ನಮ್ಮ ವ್ರತಗಳ ರಚನೆಯೂ ಇದನ್ನೇ ಕಲಿಸುತ್ತದೆ. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಪಾರಣೆಯು ನಿಶ್ಚಿತವಾಗಿದೆ. ಅದು ಎಂದೂ ಮಾತು ತಪ್ಪುವುದಿಲ್ಲ. ಚಾತುರ್ಮಾಸ್ಯದ ಕೊನೆಯ ತಿಂಗಳಲ್ಲಿ ದ್ವಿದಳವನ್ನು ಬಿಡುವಾಗ, ಹೊಲದಲ್ಲಿ ತೊಗರಿ ಹಳದಿ ಹೂವಾಗಿ ನಿಂತಿರುತ್ತದೆ. ವ್ರತ ಮುಗಿದ ಕೆಲವೇ ವಾರಗಳಲ್ಲಿ ಹೊಸ ಬೇಳೆ ಮನೆಗೆ ಬರುತ್ತದೆ. ಕಾದರೆ ದೊರೆಯುತ್ತದೆಯೆಂಬುದನ್ನು ಮಕ್ಕಳು ಹೀಗೆ ನಾಲಗೆಯಿಂದಲೇ ಅರಿಯುತ್ತಿದ್ದರು.

ಆದ್ದರಿಂದ ಮಕ್ಕಳಿಗೆ ತಾಳ್ಮೆಯನ್ನು ಉಪದೇಶಿಸುವ ಮುನ್ನ, ಅವರಿಗೆ ಕೊಟ್ಟ ಮಾತುಗಳನ್ನು ನಾವು ಎಣಿಸಿ ನೋಡಬೇಕು. ನಡೆಸಲಾಗದ್ದನ್ನು ಹೇಳಬಾರದು, ಹೇಳಿದ್ದನ್ನು ನಡೆಸದೆ ಇರಬಾರದು. ನಾವಂತೂ ತಡವಾಗಿಯಾದರೂ ಮರುವರ್ಷ ಮೊಮ್ಮಗನನ್ನು ಕರೆದೊಯ್ದೆವು. ಬರುತ್ತಾನೋ ಇಲ್ಲವೋ ಎಂಬ ಅಳುಕು ನಮಗಿತ್ತು, ಬಂದನು. ಆರತಿಯವರೆಗೆ ಕಾಯೋಣವೇ ಎಂದು ಕೇಳಿದಾಗ, ಆಮೇಲೆ ಹೊಳೆಗೆ ಇಳಿಯಲು ಬಿಡುವಿರಾ ಎಂದು ಅವನು ಕೇಳಿದನು. ಬಿಡುವೆವೆಂದೆವು, ಬಿಟ್ಟೆವು.

॥ ಶ್ರೀಕೃಷ್ಣಾರ್ಪಣಮಸ್ತು ॥