ವಧುವಿನ ಗೆಳತಿಯರ ವಿಹಾರ ಮತ್ತು ವಿಧಿಯ ಪ್ರಾಮಾಣ್ಯ

ವಿವಾಹವಿಧಿಗಳನ್ನು ನಿರೂಪಿಸಿದ ಗೃಹ್ಯಸೂತ್ರಕಾರರಲ್ಲಿ ಒಬ್ಬನಾದ ಆಪಸ್ತಂಬನು, ಗ್ರಂಥದಲ್ಲಿ ಹೇಳದೆ ಉಳಿದ ಆಚರಣೆಗಳನ್ನು ಸ್ತ್ರೀಯರಿಂದ ತಿಳಿದುಕೊಳ್ಳಬೇಕೆಂದು ವಿಧಿಸಿದ್ದಾನೆ. ಹೋಮಮಂತ್ರಗಳ ವಿಷಯದಲ್ಲಿ ಶಾಸ್ತ್ರಕ್ಕೆ ಇರುವ ಪ್ರಾಮಾಣ್ಯವು, ಎಂದರೆ ಪ್ರಶ್ನೆಗೆ ಎಡೆಯಿಲ್ಲದಂತೆ ಒಪ್ಪಿಗೆ ಪಡೆಯುವ ಅಧಿಕಾರವು, ಅರಿಶಿನ ಹಚ್ಚುವ, ಬಳೆ ತೊಡಿಸುವ ಆಚಾರಗಳ ಮಟ್ಟಿಗೆ ಮನೆಯ ಹಿರಿಯ ಹೆಂಗಸರಲ್ಲಿದೆ ಎಂಬ ತಿಳಿವಳಿಕೆ ಆ ಸೂತ್ರದ ಹಿಂದಿದೆ. ಹೆಂಗಸರೇ ಕಟ್ಟಿಕೊಂಡ ಹೊಸ ವಿವಾಹಪೂರ್ವ ಆಚಾರವೊಂದು ಕಣ್ಣೆದುರೇ ರೂಪ ತಳೆಯುತ್ತಿರುವಾಗ ಅದಕ್ಕೆ ಅಂಥ ಅಧಿಕಾರ ಎಲ್ಲಿಂದ ಒದಗಬೇಕು ಎಂಬುದು ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹರಡಿದ, ಈಗ ಅಲ್ಲಿ ನೆಲೆಸಿದ ಕನ್ನಡ ಮನೆಗಳ ಹೆಣ್ಣುಮಕ್ಕಳಿಗೂ ಅಪರಿಚಿತವಲ್ಲದ ಬ್ಯಾಚಲರೆಟ್ ಪಾರ್ಟಿ, ಅಂದರೆ ಮದುವೆಗೆ ಮುನ್ನ ವಧುವಿಗಾಗಿ ಗೆಳತಿಯರು ಏರ್ಪಡಿಸುವ ವಿನೋದಕೂಟ, ಅಂಥ ಒಂದು ಆಚಾರ. ಅದನ್ನು ಫ್ಲಾರಿಡಾದ ಆರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಮೂರು ನಾಲ್ಕು ದಿನಗಳ ಪ್ರವಾಸವಾಗಿ ನಡೆಸುವ ಪದ್ಧತಿ ಈ ಪ್ರಶ್ನೆಯನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ.

ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವವರಿಗಾಗಿ ಸಮಾಜಗಳು ನಡೆಸುವ ಸಂಸ್ಕಾರಗಳಲ್ಲಿ ಅಗಲಿಕೆ, ಹೊಸ್ತಿಲು, ಮರುಸೇರ್ಪಡೆ ಎಂಬ ಮೂರು ಹಂತಗಳಿವೆಯೆಂದು ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಗುರುತಿಸಿದನು. ನಡುವಿನ ಹೊಸ್ತಿಲ ಸ್ಥಿತಿಯಲ್ಲಿ ಸ್ಥಾನಮಾನಗಳು ಕಳಚಿಬಿದ್ದು, ಜೊತೆಗಿರುವವರೆಲ್ಲ ಸಮಾನರಾಗಿ ಬೆರೆಯುವ ಒಂದು ವಿಶೇಷ ಒಡನಾಟ ಹುಟ್ಟುತ್ತದೆಂದು ವಿಕ್ಟರ್ ಟರ್ನರ್ 1969ರಲ್ಲಿ ವಿಸ್ತರಿಸಿ, ಅದನ್ನು ಕಮ್ಯುನಿಟಾಸ್ ಎಂದು ಕರೆದನು. ಡಿಸ್ನಿ ವರ್ಲ್ಡ್ ಈ ಸ್ಥಿತಿಗೆ ಹೇಳಿ ಮಾಡಿಸಿದ ಜಾಗದಂತೆ ತೋರುತ್ತದೆ. 1971ರ ಅಕ್ಟೋಬರ್ 1ರಂದು ತೆರೆದ ಅದರ ಮೊದಲ ಉದ್ಯಾನವಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಸ್ವಂತ ಕಾರಿನಲ್ಲಿ ಬಂದವರು ನೇರವಾಗಿ ಬಾಗಿಲಿಗೆ ಹೋಗುವಂತಿಲ್ಲ. ದೂರದಲ್ಲಿ ವಾಹನ ನಿಲ್ಲಿಸಿ, ಮಾಡಿದ ಕೆರೆಯೊಂದನ್ನು ದೋಣಿಯಲ್ಲಿ ದಾಟಿಯೋ ಮೋನೋರೈಲಿನಲ್ಲಿ ಬಳಸಿಯೋ ತಲುಪಬೇಕು. ಮಾನವಶಾಸ್ತ್ರಜ್ಞ ಅಲೆಕ್ಸಾಂಡರ್ ಮೂರ್ 1980ರ ಪ್ರಬಂಧವೊಂದರಲ್ಲಿ ಇಡೀ ಸ್ಥಳವನ್ನು ಎಲ್ಲೆಕಟ್ಟಿದ ವಿಧಿಕ್ಷೇತ್ರವೆಂದೂ ಆಟದ ರೂಪದ ಯಾತ್ರಾಸ್ಥಳವೆಂದೂ ವಿಶ್ಲೇಷಿಸಿದ್ದು ಸುಮ್ಮನೆ ಅಲ್ಲ. ಗೆಳತಿಯರೆಲ್ಲ ಒಂದೇ ಬಗೆಯ ಅಂಗಿ ತೊಟ್ಟು, ವಧು ಮಾತ್ರ ಬಿಳಿಯ ಮುಸುಕು ಹೊಲಿದ ಮಿಕ್ಕಿ ಕಿವಿಗಳನ್ನು ಮುಡಿದು ತಿರುಗುವುದು ಟರ್ನರ್ ವರ್ಣಿಸಿದ ದೀಕ್ಷಾರ್ಥಿಗಳ ಸಮವೇಷವನ್ನು ನೆನಪಿಸುತ್ತದೆ.

ಆದರೆ ಟರ್ನರನೇ ಮುಂದೆ 1974ರಲ್ಲಿ ಇಂಥ ಸಮೀಕರಣಕ್ಕೆ ಒಂದು ತಡೆ ಹಾಕಿದನು: ಬುಡಕಟ್ಟಿನ ಸಂಸ್ಕಾರ ಎಲ್ಲರಿಗೂ ಕಡ್ಡಾಯ, ಆಧುನಿಕರ ವಿಹಾರವಾದರೋ ಇಚ್ಛೆಗೆ ಬಿಟ್ಟದ್ದು. ಈ ಭೇದದ ಆಳವನ್ನು ಅರಿಯಲು ಪೂರ್ವಮೀಮಾಂಸೆ ಹೆಚ್ಚು ಸಹಾಯಕ. ವೇದವಿಧಿಗಳ ಅರ್ಥವನ್ನು ವಿಚಾರಿಸುವ ಆ ದರ್ಶನದ ಪ್ರಕಾರ ಮನುಷ್ಯನ ಮಾತಿನಲ್ಲಿ ಆಡಿದವನ ಭ್ರಮೆಯೋ ಸ್ವಾರ್ಥವೋ ಸೇರಿಕೊಂಡಿರಬಹುದಾದ್ದರಿಂದ ಅದರ ಮೇಲೆ ಸಂಶಯ ಸಾಧ್ಯ. ವೇದವಾದರೋ ಅಪೌರುಷೇಯ, ಅಂದರೆ ಯಾವ ಕರ್ತೃವೂ ರಚಿಸದೆ ಇರುವಂಥದು, ಆದಕಾರಣ ಕರ್ತೃವಿನ ದೋಷ ಅದಕ್ಕೆ ತಟ್ಟದು. ಈ ವಾದವನ್ನು ವೇದದ ಮಟ್ಟಿಗೆ ಒಪ್ಪದವರೂ ಆಚಾರದ ಮಟ್ಟಿಗೆ ಅದರ ಸೂಕ್ಷ್ಮವನ್ನು ಕಾಣಬಲ್ಲರು. ಬಳೆಶಾಸ್ತ್ರದ ದಿನ ಯಾರಿಗೆ ಎಷ್ಟು ಬಳೆ, ಮೊದಲು ಯಾರಿಗೆ ಎಂಬುದಕ್ಕೆ “ನಮ್ಮಲ್ಲಿ ಹೀಗೇ ಪದ್ಧತಿ” ಎಂಬ ಒಂದು ಮಾತು ಸಾಕು; ಅದನ್ನು ಹೇಳುವ ಅಜ್ಜಿ ಪದ್ಧತಿಯ ಕರ್ತೃವಲ್ಲ, ಆದ್ದರಿಂದ ಶಾಸ್ತ್ರ ಸಪ್ಪೆಯಾದರೂ ದೂರು ಅವಳ ಮೇಲೆ ಬರುವುದಿಲ್ಲ.

ಬ್ಯಾಚಲರೆಟ್ ಪ್ರವಾಸವನ್ನು ಯೋಜಿಸುವ ಗೆಳತಿಗೆ, ಸಾಮಾನ್ಯವಾಗಿ ವಧುವಿನ ಪ್ರಧಾನ ಸಖಿಗೆ, ಈ ಆಶ್ರಯವಿಲ್ಲ. ಯಾವ ದಿನ, ಯಾವ ಹೋಟೆಲು, ಒಂದು ಕೋಣೆಗೆ ಎಷ್ಟು ಜನ, ವಧುವಿನ ಪಾಲಿನ ಖರ್ಚನ್ನು ಉಳಿದವರು ಹಂಚಿಕೊಳ್ಳಬೇಕೆ ಎಂಬ ಎಲ್ಲ ತೀರ್ಮಾನಗಳೂ ಅವಳವಾದ್ದರಿಂದ, ಬೇಸರವಾದ ಪ್ರತಿ ಗಳಿಗೆಗೂ ಹೊಣೆ ಅವಳದೇ. ಹೀಗಿರುವಾಗ ಸಮುದ್ರತೀರವನ್ನೋ ಬೆಟ್ಟವನ್ನೋ ಬಿಟ್ಟು ಥೀಮ್ ಪಾರ್ಕನ್ನೇ ಆರಿಸುವುದಕ್ಕೆ ಬಾಲ್ಯದ ಸಿನಿಮಾಗಳ ಮೋಹವಷ್ಟೇ ಕಾರಣವಿರಲಾರದು. ಅಲ್ಲಿ ಸಿದ್ಧವಾದ ವಿಧಿನಿಷೇಧಗಳಿವೆ: ಹೋಟೆಲಿನ ಮೇಜನ್ನು 60 ದಿನ ಮೊದಲಿನಿಂದ ಕಾದಿರಿಸಬಹುದು, 14 ವರ್ಷ ಮೇಲ್ಪಟ್ಟವರು ಪಾತ್ರಗಳ ವೇಷ ಧರಿಸುವಂತಿಲ್ಲ, ಮೆರವಣಿಗೆ ಮತ್ತು ಪಟಾಕಿಗೆ ಗೊತ್ತಾದ ಹೊತ್ತಿದೆ. ಎಪ್ಕಾಟ್ ಉದ್ಯಾನದಲ್ಲಿ 11 ದೇಶಗಳ ಮಂಟಪಗಳನ್ನು ಒಂದೊಂದಾಗಿ ಸುತ್ತಿ ಎಲ್ಲ ಕಡೆಯೂ ಒಂದಿಷ್ಟು ಪಾನೀಯ ಸವಿಯುವ ರೂಢಿಯಂತೂ, ಕಂಪನಿ ವಿಧಿಸದಿದ್ದರೂ, ಪ್ರದಕ್ಷಿಣೆಯ ಕ್ರಮವನ್ನೇ ಪಡೆದಿದೆ. ಇವುಗಳಲ್ಲಿ ಯಾವುದನ್ನೂ ಸಖಿ ರೂಪಿಸಿದ್ದಲ್ಲ. ತನ್ನದಲ್ಲದ ಒಂದು ಶಾಸ್ತ್ರವನ್ನು ಅವಳು ಎರವಲು ಪಡೆಯುತ್ತಾಳೆ, ಕರ್ತೃತ್ವದ ಭಾರವನ್ನು ಅಷ್ಟರಮಟ್ಟಿಗೆ ಇಳಿಸಿಕೊಳ್ಳುತ್ತಾಳೆ.

ಆ ಶಾಸ್ತ್ರವು ಅಪೌರುಷೇಯದಂತೆ ಕಂಡರೂ ಅದಕ್ಕೆ ಕರ್ತೃವಿದ್ದಾನೆ, ಕರ್ತೃವಿಗೆ ಲಾಭದ ಉದ್ದೇಶವಿದೆ ಎಂಬುದು ಸಾಲಿನಲ್ಲಿ ನಿಂತಾಗ ಬಯಲಾಗುತ್ತದೆ. ಕಾಯುವ ಹೊತ್ತನ್ನು ತಗ್ಗಿಸಲು 1999ರಲ್ಲಿ ಬಂದ ಫಾಸ್ಟ್‌ಪಾಸ್ ಪ್ರವೇಶದ ಟಿಕೆಟ್ ಇದ್ದ ಎಲ್ಲರಿಗೂ ಉಚಿತವಾಗಿತ್ತು; 2021ರ ಅಕ್ಟೋಬರಿನಿಂದ ಆ ಅನುಕೂಲಕ್ಕೆ ಪ್ರತ್ಯೇಕ ಹಣ ತೆರಬೇಕು. ಕನ್ನಡ ಓದುಗರಿಗೆ ಇದು ಹೊಸತಲ್ಲ. ತಿರುಮಲದಲ್ಲಿ ಉಚಿತ ಸರ್ವದರ್ಶನದ ಸಾಲೂ 300 ರೂಪಾಯಿಯ ವಿಶೇಷ ಪ್ರವೇಶದ ಸಾಲೂ ಇವೆ, ಆ ಬಗ್ಗೆ ಆಸ್ತಿಕರಲ್ಲೇ ಅಸಮಾಧಾನವೂ ಇದೆ. ಆದರೂ ಎರಡರ ನಡುವೆ ಒಂದು ಅಂತರವನ್ನು ಮರೆಯಬಾರದು: ದೇವಸ್ಥಾನದ ಉದ್ದ ಸಾಲಿನಲ್ಲಿ ನಿಂತವನು ತನ್ನ ಆಯಾಸವನ್ನು ತಪಸ್ಸೆಂದು ತಿಳಿಯಬಲ್ಲನು, ಹಾಗೆ ತಿಳಿಯಲು ಪರಂಪರೆಯ ಬೆಂಬಲವೂ ಅವನಿಗಿದೆ, ಥೀಮ್ ಪಾರ್ಕಿನಲ್ಲಿ ಕಾಯುವಿಕೆಗೆ ಯಾವ ಫಲಶ್ರುತಿಯೂ ಇಲ್ಲದ್ದರಿಂದ ಅದು ಕೇವಲ ನಷ್ಟವಾಗಿ ಎಣಿಕೆಗೆ ಬರುತ್ತದೆ. ವಿಚಿತ್ರವೆಂದರೆ, ಟರ್ನರ್ ಹೇಳಿದ ಸಮಾನರ ಒಡನಾಟಕ್ಕೆ ಆ ಸ್ಥಳದಲ್ಲಿ ಉಳಿದಿರುವ ಎಡೆ ಸಾಲೇ. ಎರಡು ಮೂರು ನಿಮಿಷಗಳ ಸವಾರಿಯಲ್ಲಿ ಕಿರುಚಾಟ ಸಾಧ್ಯ, ಮಾತುಕತೆ ಸಾಧ್ಯವಿಲ್ಲ. ಬೇರೆ ಬೇರೆ ಊರುಗಳಿಂದ ಬಂದ ಗೆಳತಿಯರು ವಧುವಿನೊಡನೆ ಹಳೆಯದನ್ನು ನೆನೆದು, ಮುಂದಿನದನ್ನು ಕೇಳಿ, ನಡುನಡುವೆ ಗೇಲಿ ಮಾಡುವುದು ಸರಪಳಿಗಳ ನಡುವೆ ಕಾಲು ನೋಯುತ್ತ ನಿಂತಿರುವಾಗಲೇ.

ಹಾಗಾದರೆ ಯೋಜಿತವಾದ, ಹಣ ಕೊಟ್ಟು ಪಡೆದ ಆಚಾರವು ಸಂಸ್ಕಾರವಾಗಲಾರದೆ? ಆಗಲಾರದು ಎನ್ನುವುದು ಆತುರದ ಮಾತು. ಬಳೆಗಾರನಿಗೂ ಹಣ ಸಲ್ಲುತ್ತದೆ, ಪುರೋಹಿತರಿಗೂ ದಕ್ಷಿಣೆಯಿದೆ. ಬಳೆಗಾರನ ಹಣದಿಂದ ಗೆಳತಿಯರು ಎರಡು ದರ್ಜೆಗಳಾಗಿ ಒಡೆಯುವುದಿಲ್ಲ, ಪಾಸಿನ ಹಣದಿಂದ ಒಡೆಯಬಹುದು ಎಂಬುದೇ ಇಲ್ಲಿ ಗಮನಿಸಬೇಕಾದ ವ್ಯತ್ಯಾಸ. ಕೆಲವರು ಬೇಗ ಒಳಗೆ ಹೋಗಿ ಕೆಲವರು ಹೊರಗುಳಿದ ಕ್ಷಣದಿಂದ ಆ ಗುಂಪು ಪ್ರವಾಸಿಗರ ಗುಂಪಾಗಿ ಮಾತ್ರ ಉಳಿಯುತ್ತದೆ. ಆದ್ದರಿಂದ ಯೋಜಿಸುವ ಸಖಿಯು ಪಾಸನ್ನು ಎಲ್ಲರಿಗೂ ಕೊಳ್ಳಲಿ, ಒಬ್ಬಳಿಗೆ ಅದು ಹೊರೆಯೆನಿಸಿದರೂ ಯಾರಿಗೂ ಕೊಳ್ಳದಿರಲಿ.