ತೀರ್ಪು ಬರೆದಿಟ್ಟುಕೊಂಡ ಇತಿಹಾಸಕಾರ

ವಾಲ್ಟರ್ ಫ್ರಾಂಕ್ ದಡ್ಡನಾಗಿರಲಿಲ್ಲ. ದ್ವೇಷ ಬಿತ್ತುವವರೆಲ್ಲ ಓದುಬರಹ ಬಾರದವರು ಎಂದು ನಂಬಿ ನೆಮ್ಮದಿಯಿಂದಿರುವ ನಮ್ಮಂಥವರಿಗೆ ಈ ಮಾತನ್ನು ಮೊದಲೇ ಹೇಳಬೇಕು. 1905ರಲ್ಲಿ ಜರ್ಮನಿಯ ಫ್ಯುರ್ತ್ ಪಟ್ಟಣದಲ್ಲಿ ಹುಟ್ಟಿದ ಈತ ಮ್ಯೂನಿಕ್‌ನಲ್ಲಿ ಕಾರ್ಲ್ ಅಲೆಕ್ಸಾಂಡರ್ ಫಾನ್ ಮ್ಯುಲರ್ ಎಂಬ ಹೆಸರಾಂತ ಪ್ರಾಧ್ಯಾಪಕರ ಬಳಿ ಇತಿಹಾಸ ಓದಿದ. ಡಾಕ್ಟರೇಟಿಗೆ ಆರಿಸಿಕೊಂಡದ್ದು ಬರ್ಲಿನ್ ಅರಮನೆಯ ಪಾದ್ರಿ ಅಡಾಲ್ಫ್ ಸ್ಟೋಕರ್‌ನ ಬದುಕು. ಯಹೂದಿಗಳನ್ನು ಬೈದು ಸಭೆ ತುಂಬಿಸಿದ ಮನುಷ್ಯ ಅವನು. ಆ ಪ್ರಬಂಧ 1928ರಲ್ಲಿ ಪುಸ್ತಕವಾಗಿ ಬಂತು. ಫ್ರಾನ್ಸಿನ ಮೂರನೆಯ ಗಣರಾಜ್ಯದ ಮೇಲಿನ ದೊಡ್ಡ ಗ್ರಂಥ 1933ರಲ್ಲಿ. ಎರಡರಲ್ಲೂ ದಾಖಲೆಗಳಿವೆ, ಅಡಿಟಿಪ್ಪಣಿಗಳಿವೆ, ಬರವಣಿಗೆಯ ಕಸುವೂ ಇದೆ.

ಆಮೇಲಿನ ಏರಿಕೆ ಬೇಗ ಆಯಿತು. 1935ರ ಫೆಬ್ರವರಿಯಲ್ಲಿ ನಾಜಿ ಪಕ್ಷದ ಪತ್ರಿಕೆಯಲ್ಲಿ ಹಿರಿಯ ಇತಿಹಾಸಕಾರ ಹರ್ಮನ್ ಓಂಕೆನ್ ವಿರುದ್ಧ ಫ್ರಾಂಕ್ ಒಂದು ಲೇಖನ ಬರೆದ. ಓಂಕೆನ್ ಕುರ್ಚಿ ಬಿಡಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬರ್ಲಿನ್‌ನಲ್ಲಿ ‘ಹೊಸ ಜರ್ಮನಿಯ ಇತಿಹಾಸ’ಕ್ಕೆಂದೇ ಸರಕಾರಿ ಸಂಸ್ಥೆ ತೆರೆಯಿತು. ಮೂವತ್ತರ ಹರೆಯದ ಫ್ರಾಂಕ್ ಅದರ ಯಜಮಾನ. 1936ರ ನವೆಂಬರಿನಲ್ಲಿ ಯಹೂದಿಗಳ ಕುರಿತ ಸಂಶೋಧನೆಗೆಂದು ಮ್ಯೂನಿಕ್‌ನಲ್ಲಿ ಬೇರೊಂದು ವಿಭಾಗ ಶುರುವಾಯಿತು. ಅದರ ಮುಖ್ಯಸ್ಥರು ಗುರು ಮ್ಯುಲರ್. ಹಿರಿಯ ಇತಿಹಾಸಕಾರ ಫ್ರೀಡ್ರಿಖ್ ಮೈನೆಕೆ ಅವರ ಕೈಯಿಂದ ಹೋದ, ಆ ದೇಶದ ಅತಿ ಗೌರವದ ಇತಿಹಾಸ ಪತ್ರಿಕೆಯ ಸಂಪಾದಕತ್ವವೂ ಮ್ಯುಲರ್‌ಗೇ ಸಿಕ್ಕಿತು.

ಈ ಹಾದಿಯನ್ನು ಮೊದಲು ಕಡಿದವನು ಫ್ರಾಂಕ್ ಅಲ್ಲ. 1879ರ ನವೆಂಬರಿನಲ್ಲಿ ಬರ್ಲಿನ್‌ನ ಪ್ರಾಧ್ಯಾಪಕ, ಸಂಸತ್ ಸದಸ್ಯ, ರಾಷ್ಟ್ರಭಕ್ತರ ಕಣ್ಮಣಿ ಹೈನ್ರಿಖ್ ಫಾನ್ ಟ್ರೈಚ್ಕೆ ತಾನೇ ನಡೆಸುತ್ತಿದ್ದ ಪತ್ರಿಕೆಯಲ್ಲಿ ಯಹೂದಿಗಳೇ ಜರ್ಮನರ ದುರ್ದೈವ ಎಂಬ ಮಾತು ಬರೆದ. ಆ ಮಾತು ಅರ್ಧ ಶತಮಾನದ ಮೇಲೆ ನಾಜಿಗಳ ಗಲೀಜು ವಾರಪತ್ರಿಕೆಯೊಂದರ ಮುಖಪುಟದ ಘೋಷಣೆಯಾಯಿತು. ರೋಮಿನ ಇತಿಹಾಸ ಬರೆದ ಥಿಯೋಡೋರ್ ಮೊಮ್ಸನ್ 1880ರಲ್ಲಿ ಉತ್ತರ ಕೊಟ್ಟರು. ಬೀದಿಯಲ್ಲಿ ಆಡಲು ನಾಚಬೇಕಾಗಿದ್ದ ಮಾತಿಗೆ ಒಬ್ಬ ಪ್ರಾಧ್ಯಾಪಕ ಮರ್ಯಾದೆ ತಂದುಕೊಟ್ಟ ಎಂಬುದು ಅವರ ಆಕ್ಷೇಪದ ತಿರುಳು. ಉತ್ತರ ಕೊಟ್ಟ ಇನ್ನೊಬ್ಬರು ಹ್ಯಾರಿ ಬ್ರೆಸ್ಲಾವ್. ಯಹೂದಿ, ಹಳೆಯ ರಾಜಶಾಸನಗಳಲ್ಲಿ ಸಾಚಾ ಯಾವುದು, ನಕಲಿ ಯಾವುದು ಎಂದು ಪರೀಕ್ಷಿಸುವುದರಲ್ಲಿ ನುರಿತವರು. ಟ್ರೈಚ್ಕೆ ಯಾವ ತಾಮ್ರಪಟವನ್ನೂ ತಿದ್ದಿರಲಿಲ್ಲ, ನಿಜ. ಆದರೆ ಒಂದು ಜನಾಂಗವನ್ನು ಕಟಕಟೆಯಲ್ಲಿ ನಿಲ್ಲಿಸಿ, ಆಮೇಲೆ ಸಾಕ್ಷಿ ಹುಡುಕಲು ಹೊರಟಿದ್ದ.

ಫ್ರಾಂಕ್‌ನ ಸಂಸ್ಥೆ ಮಾಡಿದ್ದೂ ಇಷ್ಟೇ, ಸರಕಾರದ ಹಣದಲ್ಲಿ. ಸಂಸ್ಥೆಯ ಸಂಪುಟಗಳಲ್ಲಿ ದೈವಶಾಸ್ತ್ರಜ್ಞ ಗೆರ್ಹಾರ್ಡ್ ಕಿಟ್ಟೆಲ್ ಬರೆದ, ಮಾನವಶಾಸ್ತ್ರಜ್ಞ ಓಯ್ಗೆನ್ ಫಿಶರ್ ಬರೆದ. ಕಂತುಕಂತಾಗಿ ತಂದ ಆ ಬರಹಗಳಲ್ಲಿ ಒಂದೊಂದು ಸಂಗತಿ ದಿಟವೇ ಇದ್ದೀತು: ಇಂಥ ಊರಿನಲ್ಲಿ ಇಂಥ ಯಹೂದಿ ಸಾಹುಕಾರ ಇದ್ದ, ಇಷ್ಟು ಸಾಲ ಕೊಟ್ಟ. ಅದೇ ಊರಿನ ಕ್ರೈಸ್ತ ಸಾಹುಕಾರನ ಲೆಕ್ಕವನ್ನು ಮಾತ್ರ ಯಾರೂ ತೆಗೆಯಲಿಲ್ಲ. ಇದು ಸುಳ್ಳಿಗಿಂತ ಕೆಟ್ಟದ್ದು ಎಂದು ನನಗನ್ನಿಸುತ್ತದೆ. ಸುಳ್ಳನ್ನು ಒಂದು ದಾಖಲೆ ತೋರಿಸಿ ಕೆಡವಬಹುದು. ದಿಟಗಳನ್ನೇ ಹೆಕ್ಕಿ ಕಟ್ಟಿದ ಆರೋಪಪಟ್ಟಿಯನ್ನು ಕೆಡವುವುದು ಬಲು ಕಷ್ಟ.

ಅವನ ಕೊನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾಜಿ ಸಿದ್ಧಾಂತಿ ರೋಜೆನ್‌ಬರ್ಗ್ ಜೊತೆ ಜಗಳಾಡಿದ. ರೋಜೆನ್‌ಬರ್ಗ್ 1941ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಇದೇ ವಿಷಯಕ್ಕೆ ಎದುರು ಸಂಸ್ಥೆ ತೆರೆದು, ಯೂರೋಪಿನ ಯಹೂದಿಗಳಿಂದ ದೋಚಿದ ಪುಸ್ತಕಗಳಿಂದ ಅದರ ಗ್ರಂಥಾಲಯ ತುಂಬಿದ. ಅದೇ ವರ್ಷದ ಡಿಸೆಂಬರಿನಲ್ಲಿ ಫ್ರಾಂಕ್‌ನ ಕುರ್ಚಿ ಹೋಯಿತು. 1945ರ ಮೇ 9ರಂದು, ಜರ್ಮನಿ ಸೋತ ಮೇಲೆ, ತನ್ನ ಜೀವ ತಾನೇ ತೆಗೆದುಕೊಂಡ.

ಮುಳಗುಂದದಲ್ಲಿ ಕೂತ ನಮಗೆ ಇವನ ಕಥೆ ಯಾಕೆ ಬೇಕು? ಬೇಕು, ಯಾಕೆಂದರೆ ನಮ್ಮ ಸೀಮೆ ಶಾಸನಗಳ ಸೀಮೆ. ಶಕ 824ರಲ್ಲಿ, ಅಂದರೆ ಕ್ರಿ.ಶ. 902ರ ಹೊತ್ತಿಗೆ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಆಳ್ವಿಕೆಯಲ್ಲಿ ಚಿಕಾರ್ಯನೆಂಬ ವೈಶ್ಯ ಇಲ್ಲಿ ಬಸದಿ ಕಟ್ಟಿಸಿದ್ದು ಕಲ್ಲಿನ ಮೇಲಿದೆ. 1047ರಲ್ಲಿ ಮಲ್ಲಿಷೇಣ ಇದೇ ಊರಲ್ಲಿ ಸಂಸ್ಕೃತದ ‘ಮಹಾಪುರಾಣ’ ಮುಗಿಸಿದ. 1112ರಲ್ಲಿ ಜೈನ ಕವಿ ನಯಸೇನ ‘ಧರ್ಮಾಮೃತ’ ಬರೆದ. ನಯಸೇನ ಮೆತ್ತನೆಯ ಮನುಷ್ಯನೇನಲ್ಲ. ಪರಮತದವರನ್ನು ಗೇಲಿ ಮಾಡುವುದರಲ್ಲಿ ಕೈ ಬಿಚ್ಚಿದವನು, ಅವನ ವಸುಭೂತಿಯ ಕಥೆ ಓದಿದರೆ ಗೊತ್ತಾಗುತ್ತದೆ. ಪಕ್ಕದ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಹೋದರೆ ಶಿವಶರಣ ಆದಯ್ಯನ ಕಥೆ. ಸೌರಾಷ್ಟ್ರದಿಂದ ಸೋಮನಾಥನನ್ನು ತಂದು ಸುರಹೊನ್ನೆ ಬಸದಿಯಲ್ಲಿ ನೆಲೆಗೊಳಿಸಿದ ಎಂದು ರಾಘವಾಂಕ ಕಾವ್ಯವನ್ನೇ ಬರೆದಿದ್ದಾನೆ. ಒಂದು ಧರ್ಮದವರು ಇನ್ನೊಂದು ಧರ್ಮದವರ ಗುಡಿಗೆ ಕೈಹಾಕಿದ ನೆನಪು ಇದು. ಮುಚ್ಚಿಡುವಂಥದ್ದಲ್ಲ.

ಇಷ್ಟು ಸಾಮಗ್ರಿ ಒಬ್ಬ ಫ್ರಾಂಕ್‌ನ ಕೈಗೆ ಸಿಕ್ಕರೆ ಏನಾದೀತು? ಬೇಕಾದವರನ್ನು ಆರೋಪಿ ಮಾಡಬಹುದು. ಜೈನರನ್ನೂ ಮಾಡಬಹುದು, ಶೈವರನ್ನೂ ಮಾಡಬಹುದು. ದಾವಲಮಲಿಕ್ ದರ್ಗಾಕ್ಕೆ ನಡೆದುಕೊಳ್ಳುವವರ ಮೇಲೂ ಕಡತ ಕಟ್ಟಬಹುದು. ಆದರೆ ಲಕ್ಷ್ಮೇಶ್ವರದ ಕಲ್ಲುಗಳು ಇನ್ನೊಂದು ಪಾಠವನ್ನೂ ಹೇಳುತ್ತವೆ. ಬಾದಾಮಿ ಚಾಲುಕ್ಯರು ಬಸದಿಗೆ ಕೊಟ್ಟ ದಾನಗಳೆಂದು ಅಲ್ಲಿನ ಶಾಸನದಲ್ಲಿದೆ. ಅಕ್ಷರದ ರೂಪ ಮಾತ್ರ ಅವರಿಗಿಂತ ಬಹಳ ಈಚಿನದು, ಹತ್ತನೆಯ ಶತಮಾನದ್ದು. ಫ್ಲೀಟ್‌ನಂಥ ಶಾಸನತಜ್ಞರು ಇದನ್ನು ಸಂಶಯದಿಂದಲೇ ನೋಡಿದರು. ಹಳೆಯ ದಾಖಲೆಯನ್ನು ಹೊಸದಾಗಿ ಕೆತ್ತಿಸಿದರೋ, ಹಕ್ಕು ಸಾಧಿಸಲು ಹುಟ್ಟಿಸಿದರೋ ಎಂಬ ಚರ್ಚೆ ಪಂಡಿತರದು. ಕಲ್ಲಿನ ಮೇಲಿದ್ದ ಮಾತ್ರಕ್ಕೆ ನಂಬದಿರುವುದು, ನಂಬದಿದ್ದ ಮಾತ್ರಕ್ಕೆ ಬರೆಸಿದವರ ಮೊಮ್ಮಕ್ಕಳನ್ನು ಕಳ್ಳರೆನ್ನದಿರುವುದು, ಎರಡೂ ಆ ಚರ್ಚೆಯಲ್ಲಿವೆ.

ನಾಡಿನ ಅಭಿಮಾನವೇ ವಿಷ ಎಂದು ನಾನು ಹೇಳಲಾರೆ. ನಮ್ಮ ರೋಣ ತಾಲೂಕಿನ ಹೊಳೆಆಲೂರಿನ ಮನೆತನದ ಆಲೂರು ವೆಂಕಟರಾಯರು ಹಂಪಿಯ ಹಾಳು ಕಂಡು ಕನಲಿದವರು. 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ಆ ಪುಸ್ತಕದಲ್ಲಿ ಅತಿಶಯವಿದೆ, ಮುಗ್ಧ ಹೆಮ್ಮೆ ಇದೆ. ಇಂದಿನ ಸಂಶೋಧಕ ಒಪ್ಪದ ಮಾತುಗಳೂ ಸಿಗುತ್ತವೆ. ಆದರೆ ಆ ಅಭಿಮಾನ ಹಂಚಿಹೋದ ಕನ್ನಡಿಗರನ್ನು ಒಂದುಗೂಡಿಸುವ ಕೆಲಸಕ್ಕೆ ಹೋಯಿತು. ಟ್ರೈಚ್ಕೆಯ ಅಭಿಮಾನ ಮನೆಯೊಳಗಿನವನನ್ನೇ ಹೊರಗಿನವನೆಂದು ತೋರಿಸಲು ಹೊರಟಿತು. ಹೆಮ್ಮೆ ಎಷ್ಟಿದೆ ಎಂಬುದಕ್ಕಿಂತ ಅದು ಯಾರನ್ನು ಹೊರಗಿಡುತ್ತದೆ ಎಂದು ನೋಡಬೇಕು.

ಇನ್ನೊಂದು ಸಂಗತಿ. ಫ್ರಾಂಕ್ ಸತ್ತ, ಮುಗಿಯಿತು ಎನ್ನುವಂತಿಲ್ಲ. ಥಿಯೋಡೋರ್ ಶೀಡರ್ ಎಂಬ ತರುಣ ಇತಿಹಾಸಕಾರ 1939ರ ಅಕ್ಟೋಬರಿನಲ್ಲಿ ಪೋಲೆಂಡಿನಿಂದ ಯಹೂದಿಗಳನ್ನು ತೆಗೆದುಹಾಕುವ ಮಾತಿದ್ದ ಟಿಪ್ಪಣಿಯೊಂದನ್ನು ಸಿದ್ಧಪಡಿಸಿದ್ದ. ಯುದ್ಧದ ನಂತರ ಅದೇ ಶೀಡರ್ ಪಶ್ಚಿಮ ಜರ್ಮನಿಯ ಅತ್ಯಂತ ಗೌರವದ ಇತಿಹಾಸಕಾರರಲ್ಲಿ ಒಬ್ಬನಾದ, ಎಷ್ಟೋ ಶಿಷ್ಯರನ್ನು ಬೆಳೆಸಿದ. ಅಲ್ಲಿಯ ಇತಿಹಾಸಕಾರರು ತಮ್ಮ ಸಮಾವೇಶದಲ್ಲಿ ಈ ಬಗ್ಗೆ ಬಾಯಿಬಿಟ್ಟು ಚರ್ಚಿಸಿದ್ದು 1998ರಲ್ಲಿ. ಶೀಡರ್ ತೀರಿ ಹದಿನಾಲ್ಕು ವರ್ಷವಾಗಿತ್ತು. ಗುರುವಿನ ಮೇಲಿನ ಮರ್ಯಾದೆ ಅಷ್ಟು ಕಾಲ ಪ್ರಶ್ನೆಯನ್ನು ತಡೆದಿತ್ತು. ಗುರುವಿಗೆ ಎದುರಾಡಬಾರದೆಂದು ಕಲಿಸುವ ನಮ್ಮ ವಿದ್ಯಾಸಂಸ್ಥೆಗಳಿಗೆ ಇದು ಯೋಚಿಸಬೇಕಾದ ಸಂಗತಿ.

ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಾಸ್ತರರೇ, ಸ್ಮರಣ ಸಂಚಿಕೆಗೆ ಊರ ಚರಿತ್ರೆ ಬರೆಯುವ ಗೆಳೆಯರೇ, ಆದಯ್ಯನ ಕಥೆಯನ್ನು ಬಿಡಬೇಡಿ, ನಯಸೇನನ ಗೇಲಿಯನ್ನೂ ಬಿಡಬೇಡಿ. ಶಾಸನದ ಕಾಲ ಬರೆಯಿರಿ, ಲಿಪಿ ಯಾವ ಶತಮಾನದ್ದು ಎಂದು ಬರೆಯಿರಿ, ಯಾರು ಬರೆಸಿದರು, ಯಾತಕ್ಕೆ ಬರೆಸಿದರು ಎಂದೂ ಬರೆಯಿರಿ. ಅದರ ಪಕ್ಕದಲ್ಲಿ ಇಂದಿನ ಯಾವ ಓಣಿಯ ಹೆಸರನ್ನೂ ಬರೆಯಬೇಡಿ.