ವೇಷದ ಮಾತಿಗೆ ಹೊಣೆ ಯಾರದು?

ವೇಷ ತೊಟ್ಟು ಆಡಿದ ಮಾತಿಗೆ ಹೊಣೆ ಪಾತ್ರದ್ದೋ ನಟನದೋ ಎಂಬ ಹಳೆಯ ನೈತಿಕ ಪ್ರಶ್ನೆಯನ್ನು ಕೆನಡಾದ ಹಾಸ್ಯನಟ ಮಾರ್ಟಿನ್ ಶಾರ್ಟ್ ಅವರ ವೃತ್ತಿಜೀವನ ಮತ್ತೆ ಕೆದಕುತ್ತದೆ. 1950ರಲ್ಲಿ ಒಂಟಾರಿಯೊದ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿದ ಅವರು 1972ರಲ್ಲಿ ಟೊರಾಂಟೊದ ‘ಗಾಡ್‌ಸ್ಪೆಲ್’ ಸಂಗೀತ ನಾಟಕದಲ್ಲಿದ್ದರು. ‘ಎಸ್‌ಸಿಟಿವಿ’ ಎಂಬ ಟಿವಿ ಹಾಸ್ಯ ಕಾರ್ಯಕ್ರಮದ ಕಿರುಪ್ರಹಸನಗಳಿಂದ ಹೆಸರಾಗಿ, 1984ರಲ್ಲಿ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮ ‘ಸ್ಯಾಟರ್ಡೇ ನೈಟ್ ಲೈವ್’ ಸೇರಿದರು.

ಅಲ್ಲಿ ಅವರು ಆಡಿದ ವಕೀಲ ನೇಥನ್ ಥರ್ಮ್, ಬೆವರುತ್ತ, ಬೆರಳಿನ ಸಿಗರೇಟಿನ ಬೂದಿ ಉದ್ದಕ್ಕೆ ಬೆಳೆಯುತ್ತಿದ್ದರೂ ಕೇಳಿದ್ದನ್ನೆಲ್ಲ ಅಲ್ಲಗಳೆಯುತ್ತಾನೆ. ಇಲ್ಲಿ ತೊಡಕಿಲ್ಲ, ಎದುರಿಗೆ ಕೂತವರೂ ಪಾತ್ರಗಳೇ. ತೊಡಕು ಶುರುವಾಗುವುದು 2001–2003ರ ಟಿವಿ ಕಾರ್ಯಕ್ರಮ ‘ಪ್ರೈಮ್‌ಟೈಮ್ ಗ್ಲಿಕ್’ನ ಜಿಮಿನಿ ಗ್ಲಿಕ್‌ನಿಂದ. ಕೃತಕ ಬೊಜ್ಜು ತೊಟ್ಟ ಈ ಸಂದರ್ಶಕ ನಿಜವಾದ ತಾರೆಯರನ್ನೇ ಕೂರಿಸಿಕೊಂಡು ಮುಖಕ್ಕೆ ಹೊಡೆದಂತೆ ಅವಮಾನಿಸುತ್ತಾನೆ.

ಅನುಕರಣೆ ಅನುಕರಿಸುವವನ ಸ್ವಭಾವಕ್ಕೇ ಅಂಟೀತು ಎಂಬುದು ‘ರಿಪಬ್ಲಿಕ್’ನಲ್ಲಿ ಪ್ಲೇಟೋನ ಆತಂಕ. ಇದಕ್ಕೆ ಎದುರಾಗಿ, ಒಳ್ಳೆಯ ನಟ ಪಾತ್ರದ ಭಾವಕ್ಕೆ ಸಿಕ್ಕದೆ ತಣ್ಣಗಿರುತ್ತಾನೆ ಎಂಬುದು ಫ್ರೆಂಚ್ ಚಿಂತಕ ದಿದರೋನ ವಾದ. ಈ ಇಬ್ಬರಲ್ಲಿ ಯಾರು ಸರಿಯಾದರೂ, ಗ್ಲಿಕ್‌ನ ಮಾತು ಬಹುಪಾಲು ಸ್ಥಳದಲ್ಲೇ ಹುಟ್ಟಿದ್ದು; ಬರೆದವನ ಮೇಲೆ ಹಾಕಿ ಕೈತೊಳೆದುಕೊಳ್ಳಲು ಶಾರ್ಟ್‌ಗೆ ಅವಕಾಶವಿಲ್ಲ. ಆದರೆ ಅತಿಥಿಗಳು ಆಟ ಗೊತ್ತಿದ್ದೇ ಬಂದವರು, ನಗೆಪಾಟಲಾಗುವುದೂ ಹೆಚ್ಚಾಗಿ ಗ್ಲಿಕ್‌ನ ದಡ್ಡತನವೇ. ಆ ಬೊಜ್ಜಿನ ನಗೆಗೆ ಮಾತ್ರ ಈ ಸಮಜಾಯಿಷಿ ಸಾಲದು: ದಪ್ಪ ಮೈಯ ಪ್ರೇಕ್ಷಕರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.